ಗಾಂಧಿ ಕೂತಿರೋ ನೋಟಿಗೆ 5 ಲಕ್ಷ ಸಿಗುತ್ತಾ?

ಮಡಿಕೇರಿ, ಗೋಣಿಕೊಪ್ಪ ಕಡೆ ಗ್ರೂಪುಗಳಲ್ಲಿ ಒಂದು ಮೆಸೇಜ್ ಓಡಾಡ್ತಿದೆ, ಗಾಂಧಿ ಕೂತಿರೋ ಹಳೇ ನೋಟಿದ್ರೆ ಆರ್‌ಬಿಐ 5 ಲಕ್ಷ ಕೊಡುತ್ತೆ, ಮೊದಲು ರಿಜಿಸ್ಟ್ರೇಷನ್ ಫೀಸ್ ಕಟ್ಟಿ ಅಂತ. ಸುಳ್ಳು. ಆರ್‌ಬಿಐ ಆ ವ್ಯಾಪಾರ ಮಾಡಲ್ಲ, ಫೀಸು ಕಮಿಷನ್ನು ಕೇಳೋದೂ ಇಲ್ಲ, 2021ರಲ್ಲೇ ಪ್ರಕಟಣೆ ಕೊಟ್ಟು ಹೇಳಿದೆ.

ನೋಟು ಮಾತ್ರ ನಿಜ. 1969ರಲ್ಲಿ ಗಾಂಧೀಜಿ ಜನ್ಮಶತಾಬ್ದಿಗೆ ಅಂತ 2, 5, 10, 100 ರೂಪಾಯಿದು ಬಂದ್ವು, ಹಿಂದೆ ಸೇವಾಗ್ರಾಮ ಆಶ್ರಮ, ಚೆಂದದ ನೋಟು. ಆದ್ರೆ ಸ್ಮರಣಾರ್ಥ ನೋಟೆಲ್ಲಾ ಅಪರೂಪ ಅಂತೇನಿಲ್ಲ, ಕೆನಡಾದವ್ರು 2017ರಲ್ಲಿ ದೇಶಕ್ಕೆ 150 ತುಂಬ್ತು ಅಂತ 10 ಡಾಲರ್ ನೋಟು 4 ಕೋಟಿ ಪ್ರಿಂಟ್ ಮಾಡಿದ್ರು, ಅಷ್ಟಿದ್ಮೇಲೆ ಲಕ್ಷ ಯಾರು ಕೊಡ್ತಾರೆ? ಬೆಲೆ ನಿಂತಿರೋದು ಎಷ್ಟು ಉಳಿದಿದೆ, ಮಡಚಿದ ಗುರುತು ಇದೆಯಾ, ಸಹಿ ಯಾವ ಗವರ್ನರ್‌ದು ಅನ್ನೋದ್ರ ಮೇಲೆ.

ನಮ್ಮ ಕೊಡಗಿನ ಮಳೆಗಾಲದಲ್ಲಂತೂ ಕಾಗದದ ನೋಟಿಗೆ ಬೂಸ್ಟು ಹಿಡಿಯುತ್ತೆ, ಹಾಗಂತ ಲ್ಯಾಮಿನೇಷನ್ ಮಾಡಿಸ್ಬೇಡಿ ಮಾರಾಯ್ರೇ, ಆಮೇಲೆ ಹಳೇ ನೋಟು ಸಂಗ್ರಹಿಸೋರು ಮುಟ್ಟೋದೂ ಇಲ್ಲ. ಆಸ್ಟ್ರೇಲಿಯಾದ 1988ರ 10 ಡಾಲರ್ ಪಾಲಿಮರ್ (ಪ್ಲಾಸ್ಟಿಕ್) ನೋಟಿಗೆ ಈ ಕಾಟ ಕಮ್ಮಿ.