ಚೀ ಅಂದರೆ ಪ್ರಾಣಶಕ್ತಿ ಅಂತ ಅನುವಾದ ಮಾಡಬೇಡಿ

ನಿಧಾನ ಚಲನೆ, ಉಸಿರು, ಗಮನ ಕೂಡಿದ ಚೀನೀ ಅಭ್ಯಾಸ ಚೀಗಾಂಗ್. ಅದರ ಬಗ್ಗೆ ಕನ್ನಡದಲ್ಲಿ ಕಣ್ಣಿಗೆ ಬೀಳುವ ಬರಹಗಳೆಲ್ಲ ಮೊದಲ ಸಾಲಲ್ಲೇ 'ಚೀ ಅಂದರೆ ನಮ್ಮ ಪ್ರಾಣಶಕ್ತಿಯೇ' ಅಂದು ಮುಂದೆ ಹೋಗಿಬಿಡುತ್ತವೆ. ಕೆಲಸದ ಮೇಲೆ ಎರಡು ವರ್ಷ ಬೀಜಿಂಗ್‌ನಲ್ಲಿದ್ದಾಗ ನಾನೂ ಹಾಗೇ ಅಂದುಕೊಂಡಿದ್ದೆ. ಈಗ ಒಪ್ಪಲು ಆಗುತ್ತಿಲ್ಲ.

ಅಲ್ಲಿನ ಟೆಂಪಲ್ ಆಫ್ ಹೆವನ್ ಪಾರ್ಕಿನಲ್ಲಿ ಹಳೇ ಸೈಪ್ರೆಸ್ ಮರಗಳ ಕೆಳಗೆ ವಯಸ್ಸಾದವರ ಗುಂಪೊಂದು ದಿನಾ ಬೆಳಿಗ್ಗೆ ಬಾದುವಾನ್‌ಜಿನ್ ಮಾಡುತ್ತಿತ್ತು. ಎಂಟು ಚಲನೆಗಳ ಹಳೆಯ ಚೀಗಾಂಗ್ ಕ್ರಮ ಅದು. ಮೊದಲನೆಯದರಲ್ಲಿ ಬೆರಳು ಹೆಣೆದು, ಅಂಗೈ ಮೇಲಾಗಿಸಿ, ಆಕಾಶವನ್ನು ಎತ್ತಿ ಹಿಡಿದ ಹಾಗೆ ನಿಲ್ಲಬೇಕು. ನಾನು ಉಸಿರು ಬಿಗಿಹಿಡಿದು ಎತ್ತುತ್ತಿದ್ದೆ. ಕಲಿಸುತ್ತಿದ್ದ ಅಜ್ಜಿ ಹಿಂದಿನಿಂದ ಬಂದು ಭುಜದ ಮೇಲೆ ಎರಡು ಬೆರಳಿಟ್ಟು 'ಫಾಂಗ್‌ಸಾಂಗ್' ಅನ್ನೋರು. ಸಡಿಲ ಬಿಡು ಅಂತ. ಮೂರು ತಿಂಗಳು ಹೆಚ್ಚುಕಮ್ಮಿ ಅದೊಂದೇ ಮಾತು. ಒಂದು ದಿನ ಅಂಗೈ ಬೆಚ್ಚಗಾಗಿ ಬೆರಳ ತುದಿ ಜುಮ್ಮೆಂದಿತು. ಹೇಳಿದೆ. 'ಚೀ ಬಂತು' ಅಂತ ನಕ್ಕು ಪಕ್ಕದವರ ಮೊಣಕೈ ಸರಿಮಾಡಲು ಹೋದರು. ಅನ್ನ ಬೆಂತು ಅನ್ನುವಷ್ಟೇ ಸಹಜವಾಗಿ.

ಚೀ ಅನ್ನುವ ಅಕ್ಷರದಲ್ಲೂ ಅನ್ನವಿದೆ. ಹಳೆಯ ರೂಪದಲ್ಲಿ ಮೇಲೆ ಆವಿ, ಕೆಳಗೆ ಅಕ್ಕಿ. ಹವಾಮಾನಕ್ಕೆ ಚೀನೀಯರು 'ಆಕಾಶದ ಚೀ' ಅನ್ನುತ್ತಾರೆ. ಸಿಟ್ಟು ಬಂದರೆ ಚೀ ಹುಟ್ಟಿತು ಅನ್ನುತ್ತಾರೆ. ನಮ್ಮಲ್ಲಿ ಕಲ್ಲಿಗೆ ಪ್ರಾಣ ಬರಬೇಕಾದರೆ ಪ್ರಾಣಪ್ರತಿಷ್ಠೆ ಮಾಡಬೇಕು. ಅವರಲ್ಲಿ ಕಲ್ಲೂ ಚೀಯೇ, ಗಟ್ಟಿಯಾದ ಚೀ. ನೀರು ಹೆಪ್ಪುಗಟ್ಟಿ ಮಂಜುಗಡ್ಡೆಯಾಗಿ ಮತ್ತೆ ಕರಗುವ ಹಾಗೆ ಚೀ ಕೂಡುತ್ತದೆ, ಚದುರುತ್ತದೆ ಅಂತ 11ನೇ ಶತಮಾನದ ಚೀನೀ ತತ್ವಜ್ಞಾನಿ ಜಾಂಗ್ ಝಾಯ್ ವಿವರಿಸಿದ. ಕೂಡಿದರೆ ಬದುಕು, ಚದುರಿದರೆ ಸಾವು ಅನ್ನುವ ಮಾತು ಅದಕ್ಕೂ ಸಾವಿರ ವರ್ಷಕ್ಕಿಂತ ಹಿಂದೆಯೇ ಝುವಾಂಗ್‌ಝಿ ಅನ್ನುವ ದಾವ್ ಪಂಥದ ಗ್ರಂಥದಲ್ಲಿದೆ. ದೇಹ ಬೇರೆ, ಅದರೊಳಗೆ ಹರಿಯುವ ಶಕ್ತಿ ಬೇರೆ ಅನ್ನುವ ಗೆರೆಯೇ ಅಲ್ಲಿಲ್ಲ. 'ಶಕ್ತಿ' ಅಂದ ಕೂಡಲೇ ನಮಗೆ ತಂತಿಯಲ್ಲಿ ಹರಿಯುವ ಕರೆಂಟು ನೆನಪಾಗುತ್ತದೆ. ಅದನ್ನು ಒಬ್ಬರ ಕೈಯಿಂದ ಇನ್ನೊಬ್ಬರಿಗೆ ಹಾಯಿಸಬಹುದು, ಮಾರಬಹುದು ಅನ್ನಿಸಿಬಿಡುತ್ತದೆ.

ಚೀನಾದಲ್ಲೇ ಹಾಗಾಗಿದೆ. ಅಭ್ಯಾಸವೇನೋ ಬಹಳ ಹಳೆಯದು. ಕ್ರಿ.ಪೂ. 168ರ ಮಾವಾಂಗ್‌ಡುಯಿ ಸಮಾಧಿಯನ್ನು 1973ರಲ್ಲಿ ಅಗೆದಾಗ ಇಂಥದ್ದೇ ಭಂಗಿಗಳಲ್ಲಿರುವ 44 ಜನರ ರೇಷ್ಮೆ ಚಿತ್ರ ಸಿಕ್ಕಿತು. ಆದರೆ ಚೀಗಾಂಗ್ ಅನ್ನುವ ಹೆಸರು ಈ ಅರ್ಥದಲ್ಲಿ ಮನೆಮಾತಾದದ್ದು 1950ರ ದಶಕದಲ್ಲಿ. ತನ್ನ ಹೊಟ್ಟೆಹುಣ್ಣಿಗೆ ಈ ಅಭ್ಯಾಸ ಮಾಡಿ ಚೇತರಿಸಿಕೊಂಡ ಲಿಯು ಗುಯ್‌ಝೆನ್ ಅನ್ನುವ ಕಮ್ಯುನಿಸ್ಟ್ ಪಕ್ಷದ ಕಾರ್ಯಕರ್ತ ಅದನ್ನು ಹರಡಿದ. 1980ರ ದಶಕದ ಹೊತ್ತಿಗೆ ದೂರದಿಂದಲೇ ಚೀ ಹಾಯಿಸಿ ರೋಗ ಗುಣಮಾಡುತ್ತೇವೆ ಅನ್ನುವ ಗುರುಗಳ ಸುತ್ತ ಸಾವಿರಾರು ಜನ ಸೇರುತ್ತಿದ್ದರು.

ನನಗೆ ಇದು ದೂರದ ದೇಶದ ಕಥೆಯಲ್ಲ. ನಮ್ಮ ದೊಡ್ಡಮ್ಮ ಮೈಸೂರಿನಲ್ಲಿ ಒಂದು ಶಿಬಿರಕ್ಕೆ ಹೋಗಿ, ಚೀ ಸರಿಯಾಗಿ ಹರಿದರೆ ಶುಗರ್ ಮಾತ್ರೆ ಬೇಕಾಗಿಲ್ಲ ಅನ್ನೋ ಮಾತು ನಂಬಿ ಮಾತ್ರೆ ಬಿಟ್ಟರು. ಕಾಲಿನ ಸಣ್ಣ ಗಾಯ ಕೀವಾಗಿ ಎರಡು ವಾರ ಆಸ್ಪತ್ರೆಯಲ್ಲಿದ್ದರು. ಡ್ರೆಸ್ಸಿಂಗ್ ಬಿಚ್ಚಿದಾಗ ಅವರು ನನ್ನ ಕೈ ಹಿಡಿದುಕೊಂಡದ್ದು ಇವತ್ತಿಗೂ ನೆನಪಿದೆ. ಆ ಶಿಬಿರದವರ ಮೇಲಿನ ಸಿಟ್ಟು ನನಗಿನ್ನೂ ಇಳಿದಿಲ್ಲ.

ಚೀ ಹರಿಯುವ ನಾಳಗಳು ದೇಹವನ್ನು ಕೊಯ್ದು ನೋಡಿದವರಿಗೆ ಎಲ್ಲೂ ಸಿಕ್ಕಿಲ್ಲ. ಮೈ ಸಡಿಲಾದಾಗ ಅಂಗೈಯ ರಕ್ತನಾಳ ಹಿಗ್ಗಿ ರಕ್ತ ಹೆಚ್ಚು ಹರಿಯುತ್ತದೆ, ಬೆಚ್ಚಗಾಗುತ್ತದೆ. ಇದರಿಂದ ಅಜ್ಜಿಯ ಮಾತು ಸುಳ್ಳಾಗುತ್ತದೆ ಅಂತ ನನಗೆ ಅನ್ನಿಸುವುದಿಲ್ಲ. 'ಯಿ ದಾವ್, ಚೀ ದಾವ್' ಅಂತ ಅವರಲ್ಲೊಂದು ಮಾತಿದೆ: ಗಮನ ಎಲ್ಲಿ ಮುಟ್ಟಿತೋ ಚೀಯೂ ಅಲ್ಲಿಗೆ ಮುಟ್ಟಿತು. ಅಜ್ಜಿ ಬೆರಳಿಡುವವರೆಗೆ ನನ್ನ ಭುಜ ಬಿಗಿದಿದೆ ಅನ್ನುವುದೇ ನನಗೆ ಗೊತ್ತಿರಲಿಲ್ಲ. ಆ ಗಮನಕ್ಕೆ ಅವರ ಹತ್ತಿರ ಒಂದು ಹೆಸರಿತ್ತು, ನನ್ನ ಹತ್ತಿರ ಇರಲಿಲ್ಲ. ಅದಕ್ಕೇ ಚೀಯನ್ನು ಚೀ ಅಂತಲೇ ಕರೆಯೋಣ ಅನ್ನುತ್ತೇನೆ.

ದೊಡ್ಡಮ್ಮ ಈಗ ಮಾತ್ರೆ ತಪ್ಪಿಸುವುದಿಲ್ಲ. ಸಂಜೆ ಹಿತ್ತಲಲ್ಲಿ ನನ್ನ ಜೊತೆ ನಿಂತು ಕೈ ಎತ್ತುತ್ತಾರೆ. ಅವರ ಭುಜದ ಮೇಲೆ ನಾನು ಎರಡು ಬೆರಳಿಡುತ್ತೇನೆ. ಮೊನ್ನೆ 'ಕೈ ಬೆಚ್ಚಗಾಯ್ತು ಕಣೇ' ಅಂದರು.