ಕಡಲನ್ನೇ ಕೆಂಪಾಗಿಸಿದ ಕ್ರಿಯಾಪದ

ಇಂಗ್ಲಿಷ್‌ನಲ್ಲಿ ‘ಇನ್‌ಕಾರ್ನಡೈನ್’ ಅಂತ ಒಂದು ಕ್ರಿಯಾಪದ ಇದೆ. ಕೆಂಪಾಗಿಸು ಅಂತ ಅರ್ಥ. ಮಾತಿನಲ್ಲಿ ಯಾರೂ ಬಳಸುವುದಿಲ್ಲ, ಬರಹದಲ್ಲೂ ಅಪರೂಪ. ಆದರೂ ನಾನೂರು ವರ್ಷದಿಂದ ಬದುಕಿಕೊಂಡಿದೆ. ಅದನ್ನು ಉಳಿಸಿದ್ದು ಒಂದೇ ಒಂದು ಸಾಲು. ನನ್ನನ್ನು ಕೇಳಿದರೆ, ಆ ಸಾಲಿಗಿಂತ ಜಾಸ್ತಿ ಅದರ ಮುಂದಿನ ಸಾಲು.

ಶೇಕ್ಸ್‌ಪಿಯರ್‌ನ ‘ಮ್ಯಾಕ್‌ಬೆತ್’ ನಾಟಕದ ಎರಡನೇ ಅಂಕ, ಎರಡನೇ ದೃಶ್ಯ. ಅತಿಥಿಯಾಗಿ ಬಂದ ರಾಜ ಡಂಕನ್‌ನನ್ನು ಮಲಗಿದ್ದಲ್ಲೇ ಕೊಂದು ಮ್ಯಾಕ್‌ಬೆತ್ ಹೊರಗೆ ಬಂದಿದ್ದಾನೆ. ಕೈಯೆಲ್ಲ ರಕ್ತ. ಗಾಬರಿಯಲ್ಲಿ ಕಠಾರಿಗಳನ್ನೂ ಹಿಡಿದುಕೊಂಡೇ ಬಂದಿದ್ದಾನೆ. ಹೆಂಡತಿ ಬೈದು, ಅವನ್ನು ಕಿತ್ತುಕೊಂಡು, ಇದ್ದ ಜಾಗಕ್ಕೇ ಇಡಲು ಒಳಗೆ ಹೋಗಿದ್ದಾಳೆ. ಅಷ್ಟರಲ್ಲಿ ಯಾರೋ ಬಾಗಿಲು ಬಡಿಯುತ್ತಾರೆ. ಇವನು ಒಬ್ಬನೇ ನಿಂತು ತನ್ನ ಕೈ ನೋಡಿಕೊಳ್ಳುತ್ತಾನೆ. ನೆಪ್ಚೂನ್ ದೇವರ ಕಡಲೆಲ್ಲ ಸುರಿದರೂ ಈ ರಕ್ತ ಹೋದೀತಾ? ಇಲ್ಲ, ಈ ಕೈಯೇ ಕಡಲನ್ನೆಲ್ಲ ಕೆಂಪು ಮಾಡೀತು ಅನ್ನುತ್ತಾನೆ.

‘ದ ಮಲ್ಟಿಟ್ಯೂಡಿನಸ್ ಸೀಸ್ ಇನ್‌ಕಾರ್ನಡೈನ್’. ಸ್ವಲ್ಪ ಜೋರಾಗಿ ಓದಿ ನೋಡಿ. ನಾಲ್ಕೇ ಪದಕ್ಕೆ ಸಾಲು ತುಂಬಿಹೋಯಿತು. ಎರಡು ಲ್ಯಾಟಿನ್ ಮೂಲದ ಭಾರೀ ಪದಗಳ ನಡುವೆ ಒಂದು ಪುಟ್ಟ ‘ಸೀಸ್’, ಅಂದರೆ ಕಡಲುಗಳು. ಅದರ ಬೆನ್ನಿಗೇ ‘ಮೇಕಿಂಗ್ ದ ಗ್ರೀನ್ ಒನ್ ರೆಡ್’ ಬರುತ್ತದೆ. ಎಲ್ಲ ಮಕ್ಕಳಿಗೂ ಗೊತ್ತಿರುವ, ಅಚ್ಚ ಇಂಗ್ಲಿಷ್ ಪದಗಳು. ದೊಡ್ಡ ಪದ ಅರ್ಥವಾಗದೆ ಕೂತ ಪ್ರೇಕ್ಷಕನಿಗೂ ಮರುಕ್ಷಣವೇ ಹಸಿರು ಹೋಗಿ ಕೆಂಪಾಗಿದ್ದು ಕಾಣುತ್ತದೆ. ಮೊದಲ ಸಾಲು ಕಿವಿಗೆ, ಎರಡನೆಯದು ಕಣ್ಣಿಗೆ. ಇಷ್ಟಾಗುವಾಗ ಹೆಂಡತಿ ವಾಪಸ್ ಬರುತ್ತಾಳೆ. ಅವಳ ಕೈಗೂ ಈಗ ರಕ್ತ. ಚೂರು ನೀರು ಸಾಕು, ಎಲ್ಲ ತೊಳೆದುಹೋಗುತ್ತೆ ಅನ್ನುತ್ತಾಳೆ! ಅವನಿಗೆ ಕಡಲೂ ಸಾಲದು, ಅವಳಿಗೆ ಚೂರು ನೀರು. ಗಂಡ ಹೆಂಡತಿ ಇಲ್ಲಿಂದಲೇ ಬೇರೆಬೇರೆ ದಾರಿ ಹಿಡಿದರು ಅಂತ ನನಗೆ ಅನಿಸುತ್ತದೆ.

ತಮಾಷೆ ಏನಂದರೆ, ಈ ಪದಕ್ಕೂ ರಕ್ತಕ್ಕೂ ಮೊದಲು ಸಂಬಂಧವೇ ಇರಲಿಲ್ಲ. ಇಟಾಲಿಯನ್‌ನಿಂದ ಫ್ರೆಂಚ್‌ಗೆ, ಅಲ್ಲಿಂದ ಇಂಗ್ಲಿಷ್‌ಗೆ ಬರುವಾಗ ಅದೊಂದು ಬಣ್ಣದ ಹೆಸರು. ಬಿಳಿಯರ ಮೈಬಣ್ಣದ ತೆಳು ಗುಲಾಬಿ. ಬೇರು ಲ್ಯಾಟಿನ್‌ನ ಮಾಂಸ ಅನ್ನುವ ಪದ. ಕಾರ್ನಿವೋರ್ (ಮಾಂಸಾಹಾರಿ), ಇನ್‌ಕಾರ್ನೇಶನ್ (ಅವತಾರ) ಎಲ್ಲ ಇದರ ದಾಯಾದಿಗಳೇ. 1606ರ ಸುಮಾರಿಗೆ ಶೇಕ್ಸ್‌ಪಿಯರ್ ಅದನ್ನು ಕ್ರಿಯಾಪದ ಮಾಡಿ ಕೊಲೆಗಾರನ ಬಾಯಲ್ಲಿ ಇಟ್ಟ. ಅಲ್ಲಿಂದ ಗುಲಾಬಿ ಹೋಗಿ ನೆತ್ತರ ಬಣ್ಣವೇ ಅಂಟಿಕೊಂಡಿತು.

ಆಮೇಲೆ ಇದನ್ನು ಧೈರ್ಯವಾಗಿ ಮುಟ್ಟಿದವನು ಎಡ್ವರ್ಡ್ ಫಿಟ್ಜ್‌ಜೆರಾಲ್ಡ್. 1859ರಲ್ಲಿ ಪರ್ಷಿಯನ್ ಕವಿ ಉಮರ್ ಖಯ್ಯಾಮನ ರುಬಾಯಿಗಳನ್ನು, ಅಂದರೆ ನಾಲ್ಕು ಸಾಲಿನ ಪದ್ಯಗಳನ್ನು, ಇಂಗ್ಲಿಷ್‌ಗೆ ತಂದಾಗ, ಬುಲ್‌ಬುಲ್ ಹಕ್ಕಿಯ ಕೈಯಲ್ಲಿ ‘ವೈನ್! ವೈನ್! ವೈನ್! ಕೆಂಪು ವೈನ್!’ ಅಂತ ಕೂಗಿಸಿದ. ಯಾಕೆ? ಹಳದಿ ಬಿದ್ದ ಗುಲಾಬಿಯ ಕೆನ್ನೆಗೆ ರಂಗು ಬರಲಿ ಅಂತ. ಕ್ರಿಯಾಪದ ಅದೇ. ಆದರೆ ರಕ್ತ ಮೆತ್ತಿದ್ದ ಪದ ಮತ್ತೆ ಕೆನ್ನೆಯ ಬಣ್ಣಕ್ಕೆ ಬಂತು, ಅಂದರೆ ಹುಟ್ಟಿದ ಮನೆಗೇ. ನನಗೆ ಇದು ಬಹಳ ಇಷ್ಟ.

ಇಷ್ಟವಾಗದ್ದೂ ಇದೆ. ಸುಮ್ನೆ ಸಂಜೆಯ ಆಕಾಶ ಕೆಂಪಾಯಿತು ಅನ್ನಬೇಕಾದ ಕಡೆ ಈ ಪದ ತಂದು ಕೂರಿಸುವವರಿದ್ದಾರೆ. ಸಂಜೆ ಆಕಾಶ ದಿನಾ ಕೆಂಪಾಗುತ್ತೆ, ಅಲ್ವಾ? ಅದಕ್ಕೆ ಕೊಲೆಯ ಭಾರ ಹೊತ್ತ ಪದ ಯಾಕೆ? ನಿಘಂಟು ನೋಡಿ ಆರಿಸಿದ್ದು ಅಂತ ಓದುಗನಿಗೆ ಮೊದಲ ಸಾಲಲ್ಲೇ ಗೊತ್ತಾಗಿಬಿಡುತ್ತದೆ. ನಾವೂ ಕನ್ನಡದಲ್ಲಿ ‘ರಕ್ತವರ್ಣರಂಜಿತ’ ಅಂತೆಲ್ಲ ಬರೆದು ಇದೇ ಕೆಲಸ ಮಾಡುತ್ತೇವೆ ಬಿಡಿ.

ಕೊನೆಗೆ ಒಂದು ಕಾಮಾದ ಜಗಳ. 1623ರ ಮೊದಲ ಫೋಲಿಯೋದಲ್ಲಿ, ಅಂದರೆ ಶೇಕ್ಸ್‌ಪಿಯರ್ ನಾಟಕಗಳ ಮೊದಲ ಸಂಗ್ರಹದಲ್ಲಿ, ‘ಮೇಕಿಂಗ್ ದ ಗ್ರೀನ್ ಒನ್ ರೆಡ್’ ಸಾಲಿನ ‘ಒನ್’ ಆದಮೇಲೆ ಕಾಮಾ ಇದೆ. ಹಾಗೆ ಓದಿದರೆ ‘ಆ ಹಸಿರಿನದನ್ನು ಕೆಂಪು ಮಾಡಿ’ ಅಂತಾಗುತ್ತದೆ. ಈಗಿನ ಹೆಚ್ಚಿನ ಮುದ್ರಣಗಳು ಅದನ್ನು ಕಿತ್ತುಹಾಕಿವೆ. ಆಗ ‘ಹಸಿರನ್ನೆಲ್ಲ ಒಂದೇ ಕೆಂಪು ಮಾಡಿ’ ಅಂತ ಓದಬಹುದು. ನನ್ನ ಓಟು ಕಾಮಾ ಇಲ್ಲದ್ದಕ್ಕೆ. ಮೇಲಿನ ಸಾಲಿನ ‘ಮಲ್ಟಿಟ್ಯೂಡಿನಸ್’ ಅಂದರೆ ಲೆಕ್ಕವಿಲ್ಲದಷ್ಟು. ಅಷ್ಟೂ ಕಡಲು ಒಂದೇ ಬಣ್ಣಕ್ಕೆ ಇಳಿಯಬೇಕಾದರೆ ಆ ‘ಒಂದೇ’ ಅಲ್ಲಿ ಬೇಕೇ ಬೇಕು.