ಗೇಮ್ ಕಲಿಯೋರ ಕೈಗೆ ಮೊದಲು ಒಂದು ಕಮಾಂಡ್ ಲೈನ್ ಕಂಪೈಲರ್ ಕೊಡಿ

ಗೇಮ್ ಪ್ರೋಗ್ರಾಮಿಂಗ್ ಕಲಿಯಬೇಕು ಅಂತ ಬರುವ ಹುಡುಗ ಹುಡುಗಿಯರಿಗೆ ನಾವು ಮೊದಲ ದಿನವೇ ಜಿಬಿಗಟ್ಟಲೆ ಎಂಜಿನ್, ಅಂದರೆ ಆಟ ಕಟ್ಟಿ ಓಡಿಸುವ ದೊಡ್ಡ ಸಾಫ್ಟ್‌ವೇರ್, ಡೌನ್‌ಲೋಡ್ ಮಾಡಿಸುತ್ತೇವೆ. ತೆರೆದರೆ ನೂರೆಂಟು ಮೆನು, ನೂರೆಂಟು ಬಟನ್. ಪ್ಲೇ ಒತ್ತಿದರೆ ಆಟ ಓಡುತ್ತೆ, ನಿಜ. ಆದರೆ ತಾನು ಬರೆದ ಸಾಲು ಏನಾಗಿ ಬದಲಾಯಿತು, ಯಾವ ದಾರಿಯಲ್ಲಿ ಆಟದೊಳಗೆ ಹೋಯಿತು ಅನ್ನೋದು ಬರೆದವರಿಗೇ ಗೊತ್ತಾಗೋದಿಲ್ಲ. ಇದು ಉಲ್ಟಾ ಕ್ರಮ ಅಂತ ನನಗೆ ಬಲವಾಗಿ ಅನಿಸುತ್ತೆ. ಮೊದಲು ಕೊಡಬೇಕಾದದ್ದು ಒಂದು ಚಿಕ್ಕ ಸ್ಕ್ರಿಪ್ಟ್ ಭಾಷೆ, ಅದರ ಕಮಾಂಡ್ ಲೈನ್ ಕಂಪೈಲರ್ (ಕಮಾಂಡ್ ಟೈಪ್ ಮಾಡಿ ಓಡಿಸುವ, ಬರೆದ ಕೋಡನ್ನು ಆಟಕ್ಕೆ ಅರ್ಥವಾಗುವ ರೂಪಕ್ಕೆ ಬದಲಿಸುವ ಪ್ರೋಗ್ರಾಂ), ಜೊತೆಗೆ ಒಂದು ಒಳ್ಳೆಯ ಹಳೇ ಆಟ.

ನಾನು ಹೇಳ್ತಿರೋದು ಕ್ವೇಕ್ ಬಗ್ಗೆ. 1996ರ ಜೂನ್‌ನಲ್ಲಿ ಅಮೆರಿಕದ ಟೆಕ್ಸಾಸ್‌ನ ಐಡಿ ಸಾಫ್ಟ್‌ವೇರ್ ಬಿಡುಗಡೆ ಮಾಡಿದ ಆಟ. ಚಿತ್ರ ಬಿಡಿಸೋದು, ಸದ್ದು, ನೆಟ್‌ವರ್ಕ್ ಎಲ್ಲ ಎಂಜಿನ್ ಕೆಲಸ. ಆದರೆ ಗುಂಡು ಹೇಗೆ ಹಾರಬೇಕು, ಬಾಗಿಲು ಯಾವಾಗ ತೆರೀಬೇಕು, ರಾಕ್ಷಸ ಯಾವಾಗ ಮೈಮೇಲೆ ಬೀಳಬೇಕು ಅನ್ನೋದನ್ನೆಲ್ಲ ಐಡಿಯ ಪ್ರೋಗ್ರಾಮರ್ ಜಾನ್ ಕಾರ್ಮ್ಯಾಕ್ ಕ್ವೇಕ್‌ಸಿ ಅನ್ನೋ ಬೇರೆ ಭಾಷೆಗೆ ಬಿಟ್ಟರು. ಅದರ ಕಂಪೈಲರ್ ಹೆಸರು ಕ್ಯೂಸಿಸಿ. ಆ ಕಂಪೈಲರನ್ನೂ, ಆಟದ ಸ್ಕ್ರಿಪ್ಟ್‌ಗಳನ್ನೂ ಆಗಲೇ ಆಟಗಾರರ ಕೈಗೆ ಕೊಟ್ಟುಬಿಟ್ಟರು. ಕಮಾಂಡ್ ಪ್ರಾಂಪ್ಟ್‌ನಲ್ಲಿ ಅದನ್ನು ಓಡಿಸಿದರೆ ಎಲ್ಲ ಸ್ಕ್ರಿಪ್ಟ್ ಸೇರಿ ಪ್ರೋಗ್ಸ್.ಡ್ಯಾಟ್ ಅನ್ನೋ ಒಂದೇ ಫೈಲ್ ಆಗುತ್ತೆ. ಅದನ್ನು ಹೊಸ ಫೋಲ್ಡರಿನಲ್ಲಿ ಹಾಕಿ, ಆಟ ಶುರು ಮಾಡುವಾಗ ಮೈನಸ್ ಗೇಮ್ ಅಂತ ಬರೆದು ಫೋಲ್ಡರಿನ ಹೆಸರು ಕೊಟ್ಟರೆ ಮುಗಿಯಿತು. ಅದು ಬೈಟ್‌ಕೋಡ್, ಅಂದರೆ ಕಂಪ್ಯೂಟರ್ ನೇರವಾಗಿ ಅಲ್ಲ, ಎಂಜಿನ್ ಓದಿ ನಡೆಸುವ ಕೋಡ್, ಆದ್ದರಿಂದ ಡಾಸ್ ಆಗಲಿ, ವಿಂಡೋಸ್ ಆಗಲಿ, ಲಿನಕ್ಸ್ ಆಗಲಿ, ಫೈಲ್ ಅದೇ.

ಇದರಲ್ಲಿ ಕಲಿಕೆ ಹೇಗೆ ನಡೆಯುತ್ತೆ ಅಂತ ಒಂದು ಉದಾಹರಣೆ ಕೊಡ್ತೀನಿ. ವೆಪನ್ಸ್.ಕ್ಯೂಸಿ ಫೈಲಿನಲ್ಲಿ ರಾಕೆಟ್ ಹಾರಿಸುವ ಫಂಕ್ಷನ್ ಇದೆ. ಅದರಲ್ಲಿ ರಾಕೆಟ್‌ನ ವೇಗ 1000, ಅಂದರೆ ಸೆಕೆಂಡಿಗೆ 1000 ಯೂನಿಟ್ (ಆಟದೊಳಗಿನ ದೂರದ ಅಳತೆ). ಅದನ್ನು 200 ಮಾಡಿ. ಕಂಪೈಲ್ ಮಾಡಿ, ಆಟ ತೆರೆಯಿರಿ. ಕ್ವೇಕ್‌ನಲ್ಲಿ ಆಟಗಾರ ಓಡುವ ಗರಿಷ್ಠ ವೇಗ 320. ಅಂದರೆ ರಾಕೆಟ್ ಹಾರಿಸಿ, ಅದರ ಹಿಂದೆ ಓಡಿ, ಅದನ್ನೇ ದಾಟಿ ಮುಂದೆ ಹೋಗಬಹುದು. ಇದನ್ನು ಮೊದಲ ಸಲ ನೋಡಿದ ಮಕ್ಕಳ ಮುಖ ನೋಡಬೇಕು. ಆಮೇಲೆ ಇನ್ನೊಂದು ವಿಚಿತ್ರ ಕಾಣುತ್ತೆ. ಉದ್ದನೆಯ ಹಜಾರದಲ್ಲಿ ಹಾರಿಸಿದ ರಾಕೆಟ್ ಗೋಡೆಗೂ ತಾಗದೆ, ಸಿಡಿಯದೆ, ನಡುದಾರಿಯಲ್ಲೇ ಮಾಯ. ಯಾಕೆ? ಅದೇ ಫಂಕ್ಷನ್‌ನಲ್ಲಿ ಇನ್ನೆರಡು ಸಾಲು ಇವೆ. ಐದು ಸೆಕೆಂಡ್ ಕಳೆದ ಮೇಲೆ ರಾಕೆಟನ್ನು ತೆಗೆದುಹಾಕು ಅಂತ. ವೇಗ 1000 ಇದ್ದಾಗ ಅಷ್ಟರಲ್ಲಿ ಅದು 5000 ಯೂನಿಟ್ ಹೋಗಿರಬೇಕು, ಅದಕ್ಕೂ ಮೊದಲೇ ಯಾವುದೋ ಗೋಡೆ ಸಿಕ್ಕಿರುತ್ತೆ. ಈಗ 1000 ಯೂನಿಟ್‌ಗೇ ಅದರ ಆಯಸ್ಸು ಮುಗೀತು. ಒಂದು ನಂಬರ್ ಬದಲಿಸಿದ್ದಕ್ಕೆ ಕೆಲವು ಸಾಲು ಕೆಳಗಿನ ಇನ್ನೊಂದು ನಂಬರ್ ಎದ್ದು ಬಂತು. ಇದನ್ನು ಯಾವ ಮೇಷ್ಟ್ರೂ ಬೋರ್ಡ್ ಮೇಲೆ ಬರೆದು ಕಲಿಸಬೇಕಿಲ್ಲ.

ಕಂಪೈಲರ್ ಕೊಡುವ ಎರರ್ ಕೂಡ ಒಳ್ಳೆಯ ಪಾಠವೇ. ಫೈಲಿನ ಹೆಸರು, ಸಾಲಿನ ನಂಬರ್, ಆಮೇಲೆ ದೂರು. ಅಷ್ಟೇ. ಹೊಸಬರಿಗೆ ಜಾಸ್ತಿ ಕಾಣಿಸೋದು 'ಅನ್‌ನೋನ್ ವ್ಯಾಲ್ಯೂ'. ಫಂಕ್ಷನ್ ಇದೆ, ಸ್ಪೆಲ್ಲಿಂಗ್ ಸರಿ ಇದೆ, ಆದರೂ ಗೊತ್ತಿಲ್ಲ ಅನ್ನುತ್ತೆ. ಆಗ ಪ್ರೋಗ್ಸ್.ಎಸ್‌ಆರ್‌ಸಿ ತೆರೆದು ನೋಡಬೇಕು. ಅದರ ಮೊದಲ ಸಾಲಿನಲ್ಲಿ ಔಟ್‌ಪುಟ್ ಫೈಲಿನ ಹೆಸರು, ಕೆಳಗೆ ಸ್ಕ್ರಿಪ್ಟ್ ಫೈಲ್‌ಗಳ ಪಟ್ಟಿ. ಕಂಪೈಲರ್ ಅವನ್ನು ಅದೇ ಕ್ರಮದಲ್ಲಿ, ಮೇಲಿಂದ ಕೆಳಗೆ ಒಂದೇ ಸಲ ಓದುತ್ತೆ. ಕೊನೆಯ ಫೈಲಿನಲ್ಲಿರೋದನ್ನು ಮೊದಲನೇ ಫೈಲಿನಲ್ಲಿ ಕರೆದರೆ ಅದಕ್ಕೆ ಗೊತ್ತಿರೋದಾದರೂ ಹೇಗೆ? ಇಂಥದ್ದೊಂದು ಇದೆ ಅಂತ ಮೊದಲೇ ಹೇಳಿಡಬೇಕು, ಅಂದರೆ ಡಿಕ್ಲೇರ್ ಮಾಡಬೇಕು. ಡಿಕ್ಲರೇಶನ್ ಯಾಕೆ ಬೇಕು ಅಂತ ಪರೀಕ್ಷೆಗೆ ಉರುಹೊಡೆದವರಿಗೆ ಸಿಗದ ಉತ್ತರ ಇಲ್ಲಿ ತಾನಾಗಿ ಸಿಗುತ್ತೆ.

ಡೆಫ್ಸ್.ಕ್ಯೂಸಿ ಫೈಲಿನ ಆರಂಭದ ಭಾಗದ ಬಗ್ಗೆಯೂ ಒಂದು ಮಾತು. ಅಲ್ಲಿರೋದು ಎಂಜಿನ್ನಿಗೂ ಸ್ಕ್ರಿಪ್ಟಿಗೂ ಆದ ಕರಾರು. ಅದರಲ್ಲಿ ಒಂದು ವೇರಿಯಬಲ್ ಸೇರಿಸಿದರೆ ಕಂಪೈಲ್ ಏನೋ ಆಗುತ್ತೆ, ಆದರೆ ಎಂಜಿನ್ ಆ ಫೈಲನ್ನು ಒಪ್ಪೋದಿಲ್ಲ. ಕಂಪೈಲರ್ ಆ ಭಾಗದ ಸಿಆರ್‌ಸಿ (ಏನಾದರೂ ಬದಲಾಗಿದೆಯಾ ಅಂತ ತಿಳಿಸುವ ತಾಳೆ ಸಂಖ್ಯೆ) ಲೆಕ್ಕ ಹಾಕಿ ಪ್ರೋಗ್ಸ್.ಡ್ಯಾಟ್ ಒಳಗೆ ಬರೆದಿರುತ್ತೆ. ಕ್ವೇಕ್ ಅದು 5927 ಇದೆಯಾ ಅಂತ ನೋಡುತ್ತೆ, ಇಲ್ಲದಿದ್ದರೆ ಅಲ್ಲೇ ನಿಂತುಬಿಡುತ್ತೆ. ದೊಡ್ಡ ಎಂಜಿನ್‌ಗಳಲ್ಲೂ ಇಂಥ ಕರಾರು ಇದ್ದೇ ಇರುತ್ತೆ, ಕಣ್ಣಿಗೆ ಕಾಣೋದಿಲ್ಲ ಅಷ್ಟೇ.

ಇವತ್ತು ಕ್ವೇಕ್‌ಸಿ ಕಲಿತರೆ ಯಾರು ಕೆಲಸ ಕೊಡ್ತಾರೆ ಅಂತ ಕೇಳುವವರು ಇದ್ದಾರೆ. ಆಗ ಕೊಟ್ಟವರಿದ್ದರು. ಆಸ್ಟ್ರೇಲಿಯಾದ ರಾಬಿನ್ ವಾಕರ್, ಜಾನ್ ಕುಕ್ ಮುಂತಾದವರು 1996ರಲ್ಲೇ ಕ್ವೇಕ್‌ಸಿಯಲ್ಲಿ ಟೀಮ್ ಫೋರ್ಟ್ರೆಸ್ ಅನ್ನೋ ಆಟ ಬರೆದರು, ವಾಲ್ವ್ ಅನ್ನೋ ಗೇಮ್ ಕಂಪನಿ ಅವರನ್ನು ಕರೆಸಿಕೊಂಡಿತು. ಸ್ಟೀವನ್ ಪೋಲ್ಜ್ ಇದೇ ಭಾಷೆಯಲ್ಲಿ ರೀಪರ್ ಬಾಟ್ (ಕಂಪ್ಯೂಟರೇ ಆಡಿಸುವ ಎದುರಾಳಿ) ಬರೆದು, ಆಮೇಲೆ ಎಪಿಕ್ ಕಂಪನಿಯಲ್ಲಿ ಅನ್‌ರಿಯಲ್ ಆಟದ ಬಾಟ್‌ಗಳನ್ನು ಮಾಡಿದರು. ಈಗ ಕ್ವೇಕ್‌ಸಿ ಹೆಸರು ನೋಡಿ ಯಾರೂ ಕೆಲಸ ಕೊಡೋದಿಲ್ಲ, ಒಪ್ಪುತ್ತೇನೆ. ಭಾಷೆಗೆ ಕೊರತೆಗಳೂ ಇವೆ. ಮೂಲ ಕಂಪೈಲರಿನಲ್ಲಿ ಅರೇ (ಒಂದೇ ಹೆಸರಿನಡಿ ಹಲವು ಬೆಲೆ ಇಡುವ ಪಟ್ಟಿ) ಇರಲಿಲ್ಲ, ನಂಬರ್ ಅಂದರೆ ಎಲ್ಲವೂ ಫ್ಲೋಟ್, ಅಂದರೆ ದಶಮಾಂಶ ಸಂಖ್ಯೆ. ಐಡಿ ಕೂಡ ಕ್ವೇಕ್ 2ರಲ್ಲಿ ಇದನ್ನು ಬಿಟ್ಟು ಸಿ ಭಾಷೆಯ ಡಿಎಲ್‌ಎಲ್‌ಗೆ (ಕಂಪ್ಯೂಟರ್ ನೇರವಾಗಿ ಓಡಿಸುವ ಕೋಡ್ ಫೈಲ್) ಹೋಯಿತು. ಆದರೆ ಕ್ವೇಕ್ 3ಕ್ಕೆ ಮತ್ತೆ ಬೈಟ್‌ಕೋಡಿಗೇ ಬಂತು, ಗಮನಿಸಿ. ಸ್ಕೈರಿಮ್ ಆಟದ ಪಪೈರಸ್ ಭಾಷೆಗೂ, ಕವಲೊಡೆಯುವ ಕಥೆ ಬರೆಯುವ ಇಂಕ್ ಭಾಷೆಗೂ ಹೀಗೇ ಕಮಾಂಡ್ ಲೈನ್ ಕಂಪೈಲರ್ ಇದೆ. ಒಂದನ್ನು ಸರಿಯಾಗಿ ತಿಳಿದವರಿಗೆ ಇನ್ನೊಂದು ಸಲೀಸು.

ನಮ್ಮ ಎಷ್ಟೋ ಕಾಲೇಜು ಲ್ಯಾಬ್‌ಗಳಲ್ಲಿ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಹಳೇ ಕಂಪ್ಯೂಟರ್‌ಗಳೇ ಇರೋದು. ದೊಡ್ಡ ಎಂಜಿನ್ ಅಲ್ಲಿ ತೆವಳುತ್ತೆ. ಇದು ಆರಾಮಾಗಿ ಓಡುತ್ತೆ.

ಶುರು ಮಾಡೋರು ಇವತ್ತು ಎಫ್‌ಟಿಇಕ್ಯೂಸಿಸಿ ಅನ್ನೋ ಕ್ವೇಕ್‌ಸಿ ಕಂಪೈಲರ್ ಇಳಿಸಿಕೊಳ್ಳಿ. ಹಳೇ ಕ್ಯೂಸಿಸಿಗಿಂತ ಎಚ್ಚರಿಕೆಗಳನ್ನು ಚೆನ್ನಾಗಿ ಕೊಡುತ್ತೆ, ಅರೇ ಕೂಡ ಇದೆ. ಮೂಲ ಆಟದ ಶೇರ್‌ವೇರ್ ಪ್ರತಿಯಲ್ಲಿ (ಪುಕ್ಕಟೆ ಸಿಗುವ ಒಂದು ಭಾಗ) ಬದಲಿಸಿದ ಸ್ಕ್ರಿಪ್ಟ್ ಓಡೋದಿಲ್ಲ, ಪೂರ್ತಿ ಆಟ ಕೊಳ್ಳಬೇಕು. ದುಡ್ಡು ಬೇಡ ಅಂದ್ರೆ ಝೊನಾಟಿಕ್ ಅನ್ನೋ ಆಟ ಇದೆ. ಅದು ಉಚಿತ, ಅದರ ಆಟದ ಕೋಡ್ ಕೂಡ ಕ್ವೇಕ್‌ಸಿಯಲ್ಲೇ ಇದೆ. ಆದರೆ ಕೋಡ್ ದೊಡ್ಡದು, ಎರಡನೇ ಹೆಜ್ಜೆಗೆ ಇಟ್ಟುಕೊಳ್ಳಿ.

ಕಂಪೈಲ್ ಮಾಡಿ ಆಟ ತೆರೆಯುವ ಎರಡೂ ಕಮಾಂಡನ್ನು ಒಂದು ಬ್ಯಾಚ್ ಫೈಲಿಗೆ ಹಾಕಿಡಿ. ನಡುವೆ ಎರಡು ಆ್ಯಂಪರ್‌ಸ್ಯಾಂಡ್ (&&) ಇರಲಿ, ಮರೀಬೇಡಿ. ಆಗ ಕಂಪೈಲ್ ಸರಿಯಾಗಿ ಮುಗಿದರೆ ಮಾತ್ರ ಆಟ ತೆರೆಯುತ್ತೆ. ಎರರ್ ಬಂದಾಗ ಹಳೇ ಪ್ರೋಗ್ಸ್.ಡ್ಯಾಟ್ ಫೋಲ್ಡರಿನಲ್ಲಿ ಹಾಗೇ ಉಳಿದಿರುತ್ತೆ. ಆಗಲೂ ಆಟ ತೆರೆದರೆ ನೀವು ನೋಡೋದು ಹಳೇ ಆಟ, ಬದಲಾವಣೆ ಯಾಕೆ ಕಾಣ್ತಿಲ್ಲ ಅಂತ ಸುಮ್ನೆ ತಲೆ ಕೆಡಿಸಿಕೊಳ್ತೀರಿ. ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಎರರ್ ಸಾಲನ್ನು ಪೂರ್ತಿ ಕಾಪಿ ಮಾಡಿ ಇಲ್ಲೇ ಕೆಳಗೆ ಹಾಕಿ. ಸ್ಕ್ರೀನಿನ ಫೋಟೋ ಬೇಡ, ಸಾಲು ಬೇಕು. ನನಗೆ ಗೊತ್ತಿದ್ದರೆ ಖಂಡಿತ ಹೇಳ್ತೀನಿ.